ಸಂಜೆಯಾಯಿತು, ಗೂಡಿನ ಬಾಗಿಲು ಹಾಕಿದಿರಾ?

(ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ)



ಇಂದು ಅಕ್ಟೋಬರ್ 4. ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಧರ್ಮಸಭೆ ಸಂತೋಷದಿಂದ ಸ್ಮರಿಸುವ ದಿನ. 1226ರ ಅಕ್ಟೋಬರ್ 3ರ ಸಂಜೆ ಈ ಬಡ ಸಂನ್ಯಾಸಿ ಬರಿನೆಲದ ಮೇಲೆ ಮಲಗಿ ಕಣ್ಣು ಮುಚ್ಚಿದರು. ಎರಡೇ ವರ್ಷಗಳಲ್ಲಿ, 1228ರಲ್ಲಿ, ಅವರನ್ನು ಸಂತರೆಂದು ಸಾರಲಾಯಿತು. 1979ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಅವರನ್ನು ಪರಿಸರಕ್ಕಾಗಿ ದುಡಿಯುವವರ ಪಾಲಕ ಸಂತರೆಂದು ಘೋಷಿಸಿದರು.

ಫ್ರಾನ್ಸಿಸರ ಹಬ್ಬವೆಂದರೆ ಅವರು ಹಕ್ಕಿಗಳಿಗೆ ಬೋಧಿಸುತ್ತಿರುವ ಚಿತ್ರ ನಮ್ಮೆಲ್ಲರ ಕಣ್ಣ ಮುಂದೆ ಬರುತ್ತದೆ. ಇಂದು ನಾನು ಸರಿಯಾಗಿ ಹಾರಲಾರದ ಒಂದು ಹಕ್ಕಿಯ ಬಗ್ಗೆ ಮಾತನಾಡುತ್ತೇನೆ. ಅದು ನಿಮ್ಮ ಹಿತ್ತಲಿನ ಕೋಳಿ. ಮಕ್ಕಳು ನಗುತ್ತಿದ್ದೀರಿ, ನಗಿ. ಆದರೆ ನಿಮ್ಮ ಅಮ್ಮಂದಿರು, ಅಜ್ಜಿಯರು ನಗುತ್ತಿಲ್ಲ ನೋಡಿ. ಬೆಳಿಗ್ಗೆ ಎದ್ದು ಗೂಡಿನ ಬಾಗಿಲು ತೆಗೆದಾಗ ಒಳಗೆ ಬರೀ ಪುಕ್ಕ ಕಂಡ ಸಂಕಟ ಅವರಿಗೆ ಗೊತ್ತು.

ತುಮಕೂರು ಈಗ ದೊಡ್ಡ ನಗರ. ಆದರೂ ನಮ್ಮ ಸದಾಶಿವನಗರದಂಥ ಬಡಾವಣೆಗಳಲ್ಲಿ ಹಿತ್ತಲಿದ್ದ ಮನೆಯಲ್ಲಿ ಮೂರು ನಾಲ್ಕು ನಾಟಿ ಕೋಳಿ ಇರುತ್ತವೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬಂದಿರುವ ನಿಮ್ಮ ಮನೆಗಳಲ್ಲಿ ಹತ್ತಿಪ್ಪತ್ತು ಇರಬಹುದು. ರಾಗಿ, ತೆಂಗು, ಅಡಿಕೆಯ ಹಣ ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತದೆ, ಬಂದದ್ದು ಸಾಲಕ್ಕೆ, ಗೊಬ್ಬರಕ್ಕೆ ಹೋಗುತ್ತದೆ. ಕೋಳಿಯ ಹಣ ಮಾತ್ರ ಮನೆಯಾಕೆಯದು. ಮಗನ ನೋಟ್‌ಬುಕ್ಕು, ಅತ್ತೆಯ ಔಷಧಿ, ಹಬ್ಬದ ದಿನ ಕಾಣಿಕೆ ಡಬ್ಬಿಗೆ ಹಾಕುವ ನೋಟು, ಇವೆಲ್ಲ ಎಷ್ಟೋ ಮನೆಗಳಲ್ಲಿ ಆ ತಿಪ್ಪೆ ಕೆದಕುವ ಹಕ್ಕಿಯಿಂದಲೇ ಬರುತ್ತವೆ. ಆದ್ದರಿಂದ ಕೋಳಿ ಹೋಯಿತು ಎಂದರೆ ಒಂದು ಹೊತ್ತಿನ ಸಾರು ಹೋಯಿತು ಎಂದಷ್ಟೇ ಅಲ್ಲ. ಒಬ್ಬ ತಾಯಿಯ ಕೈಯ ಗಂಟು ಹೋಯಿತು ಎಂದು ಅರ್ಥ.

ಪ್ರಭು ಆರಿಸಿಕೊಂಡ ಹೋಲಿಕೆ

ಸಂತ ಲೂಕನ ಶುಭಸಂದೇಶದ 13ನೇ ಅಧ್ಯಾಯದ ಕೊನೆಯ ಭಾಗವನ್ನು ಮನೆಗೆ ಹೋದ ಮೇಲೆ ಓದಿ. ಹೆರೋದ ಅರಸ ನಿನ್ನನ್ನು ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೊರಟು ಹೋಗು ಎಂದು ಕೆಲವರು ಬಂದು ಯೇಸುವಿಗೆ ಹೇಳುತ್ತಾರೆ. ಯೇಸು ಹೆದರುವುದಿಲ್ಲ. ಹೆರೋದನನ್ನು ನರಿ ಎಂದು ಕರೆಯುತ್ತಾರೆ. ಅದಾಗಿ ಒಂದೆರಡು ಮಾತಿಗೇ ಜೆರುಸಲೇಮ್ ಪಟ್ಟಣವನ್ನು ನೆನೆದು ಮರುಗುತ್ತಾರೆ. ಹೇಂಟೆಯೊಂದು ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವಂತೆ ಆ ಊರಿನ ಮಕ್ಕಳನ್ನು ಕೂಡಿಸಿಕೊಳ್ಳಲು ತಾವು ಎಷ್ಟು ಬಾರಿ ಹಂಬಲಿಸಿದ್ದುಂಟು, ಅವರಿಗೇ ಅದು ಬೇಡವಾಯಿತು ಎನ್ನುತ್ತಾರೆ.

ಗಮನಿಸಿ. ಎದುರಿಗೆ ನರಿ ಇದೆ. ನರಿಯನ್ನು ಓಡಿಸಬೇಕಾದರೆ ನಾವು ಯಾವ ಹೋಲಿಕೆ ಹುಡುಕುತ್ತಿದ್ದೆವು? ಸಿಂಹ ಎನ್ನುತ್ತಿದ್ದೆವು, ಇಲ್ಲವೇ ಹದ್ದು ಎನ್ನುತ್ತಿದ್ದೆವು. ಹಳೆಯ ಒಡಂಬಡಿಕೆಯಲ್ಲಿ ಮೋಶೆಯ ಗೀತೆ ದೇವರನ್ನು ಹದ್ದಿಗೆ ಹೋಲಿಸಿದೆ. ಆದರೆ ಯೇಸುಸ್ವಾಮಿ ತಮಗೆ ಆರಿಸಿಕೊಂಡದ್ದು ಹೇಂಟೆಯನ್ನು. ಅದಕ್ಕೆ ಕೋರೆಹಲ್ಲಿಲ್ಲ, ಬಾಗಿದ ಕೊಕ್ಕಿಲ್ಲ, ನರಿಗಿಂತ ವೇಗವಾಗಿ ಓಡುವ ಕಾಲೂ ಇಲ್ಲ. ಇರುವುದು ಎರಡು ರೆಕ್ಕೆ ಮಾತ್ರ. ಆ ರೆಕ್ಕೆಯಿಂದ ಅದು ಹಾರಿ ತಪ್ಪಿಸಿಕೊಳ್ಳಬಹುದು. ಗಿಡದ ಕೊಂಬೆಯ ಮೇಲೆ ಹೋಗಿ ಕೂರಬಹುದು. ಮರಿಗಳಿರುವಾಗ ಅದು ಹಾಗೆ ಮಾಡುವುದಿಲ್ಲ. ರೆಕ್ಕೆ ಬಿಡಿಸಿ ನೆಲದ ಮೇಲೆಯೇ ಕೂರುತ್ತದೆ.

ಬೆಂಕಿಯಲ್ಲಿ ಬೆಂದ ಹೇಂಟೆಯ ರೆಕ್ಕೆಯ ಕೆಳಗಿಂದ ಮರಿಗಳು ಜೀವಂತ ಬಂದ ಕಥೆಯನ್ನು ನೀವು ಎಷ್ಟೋ ಪ್ರಬೋಧನೆಗಳಲ್ಲಿ ಕೇಳಿರುತ್ತೀರಿ. ಅಷ್ಟು ದೂರ ಹೋಗಬೇಕಾಗಿಲ್ಲ. ನಿಮ್ಮ ಹಿತ್ತಲಲ್ಲಿ ಒಂದು ಬೆಳಿಗ್ಗೆ ಕುಳಿತು ನೋಡಿ. 21 ದಿನ ಕಾವು ಕೂತು ಎದ್ದ ಹೇಂಟೆ ಬಡಕಲಾಗಿರುತ್ತದೆ. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು ಮತ್ತೆ ಓಡಿ ಬಂದು ಕೂತಿರುತ್ತದೆ. ಮರಿ ಹೊರಬಂದ ಮೇಲೆ ಕಾಳು ಸಿಕ್ಕರೆ ತಾನು ನುಂಗದೆ ಕುಟುಕಿ ಕುಟುಕಿ ಕರೆಯುತ್ತದೆ. ಮೇಲೆ ಹದ್ದಿನ ನೆರಳು ಸುಳಿದರೆ ಒಂದು ಬಗೆಯ ಕೂಗು, ಬೇಲಿಯ ಸಂದಿನಲ್ಲಿ ಬೆಕ್ಕು ಕಂಡರೆ ಬೇರೊಂದು ಬಗೆಯ ಕೂಗು. ಕೋಳಿಗಳಲ್ಲಿ ಆಕಾಶದ ಶತ್ರುವಿಗೂ ನೆಲದ ಶತ್ರುವಿಗೂ ಬೇರೆ ಬೇರೆ ಎಚ್ಚರಿಕೆಯ ಕೂಗುಗಳಿವೆ ಎಂದು ವಿಜ್ಞಾನಿಗಳು ಹುಂಜಗಳ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಮೊದಲ ಕೂಗಿಗೆ ಕೋಳಿಗಳು ಗಿಡದಡಿಗೆ ನುಗ್ಗುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ನಿಂತು ನೋಡುತ್ತವೆ. ಕೂಗು ಅರ್ಥವಾಗಬೇಕಾದರೆ ಮರಿ ತಾಯಿಯ ಹತ್ತಿರವೇ ಇರಬೇಕು. ಪ್ರಭು ಮರುಗಿದ್ದು ಈ ಕಾರಣಕ್ಕಾಗಿಯೇ. ರೆಕ್ಕೆ ತೆರೆದೇ ಇತ್ತು, ಮರಿಗಳು ಬರಲಿಲ್ಲ.

ಯಾರು ಬಂದಿದ್ದರು?

ಕೋಳಿಗೆ ಶತ್ರುಗಳು ಬಹಳ. ಹಗಲಲ್ಲಿ ಹದ್ದು, ಗಿಡುಗ, ಕಾಗೆ, ಮುಂಗುಸಿ. ಮಬ್ಬುಗತ್ತಲಲ್ಲಿ, ರಾತ್ರಿಯಲ್ಲಿ ಕಾಡುಬೆಕ್ಕು, ಪುನುಗು ಬೆಕ್ಕು, ನರಿ, ಹೆಗ್ಗಣ. ಮೊಟ್ಟೆಗೆ ಹಾವು ಮತ್ತು ಉಡ. ಎಲ್ಲ ಹೊತ್ತಿಗೂ ಬೀದಿ ನಾಯಿ. ಮನೆಯಲ್ಲಿ ಕೋಳಿ ಸತ್ತಾಗ ನಾವು ಮೊದಲು ಮಾಡುವುದು ಕೂಗಾಟ. ಎರಡನೆಯದು ಯಾರ ಮೇಲಾದರೂ ಅನುಮಾನ. ನೋಡುವುದನ್ನು ಮಾತ್ರ ಮರೆಯುತ್ತೇವೆ. ಬಂದವರು ಗುರುತು ಬಿಟ್ಟೇ ಹೋಗಿರುತ್ತಾರೆ.

ಹಾಡುಹಗಲಲ್ಲಿ ಒಂದೊಂದೇ ಮರಿ ಸದ್ದಿಲ್ಲದೆ ಮಾಯವಾಗುತ್ತಿದ್ದರೆ ಅದು ಹೆಚ್ಚಾಗಿ ಹದ್ದು, ಗಿಡುಗ, ಕಾಗೆ ಇಲ್ಲವೇ ಮುಂಗುಸಿಯ ಕೆಲಸ. ಮುಂಗುಸಿ ಹಗಲು ಸಂಚಾರಿ, ರಾತ್ರಿ ಬರುವುದಿಲ್ಲ. ಸಿಪ್ಪೆಯೂ ಉಳಿಯದಂತೆ ಮೊಟ್ಟೆ ಹೋಗಿದ್ದರೆ ಹಾವನ್ನೋ ಉಡವನ್ನೋ ನೆನೆಯಿರಿ. ಒಡೆದ ಸಿಪ್ಪೆ ಬಿದ್ದಿದ್ದರೆ ಮುಂಗುಸಿ, ಹೆಗ್ಗಣ ಅಥವಾ ಕಾಗೆ ಇರಬಹುದು. ರಾತ್ರಿ ಒಂದೇ ಒಂದು ದೊಡ್ಡ ಕೋಳಿ ಹೋಗಿ, ಪುಕ್ಕದ ಸಾಲು ಪೊದೆಯ ಕಡೆ ಹೋಗಿದ್ದರೆ ಕಾಡುಬೆಕ್ಕು ಅಥವಾ ನರಿ. ಏಳೆಂಟು ಕೋಳಿ ಅಂಗಳದ ತುಂಬ ಸತ್ತು ಬಿದ್ದು, ಹೆಚ್ಚೇನೂ ತಿಂದಿರದಿದ್ದರೆ ಅದು ನಾಯಿಗಳ ಹಿಂಡು. ಜಾಲರಿಯ ಹತ್ತಿರ ಮಲಗಿದ್ದ ಮರಿಯ ಕಾಲು ಮಾತ್ರ ಕಡಿದಿದ್ದರೆ, ಹೊರಗಿನಿಂದಲೇ ಯಾವುದೋ ಪ್ರಾಣಿ ಕಂಡಿಯೊಳಗೆ ಬಾಯಿಯನ್ನೋ ಪಂಜವನ್ನೋ ತೂರಿಸಿದೆ ಎಂದು ಅರ್ಥ.

ಒಂದು ಮಾತು. ಒಂದನ್ನು ತಿಂದು ಹತ್ತನ್ನು ಕೊಂದು ಹೋಯಿತು, ಎಂಥ ಕ್ರೂರ ಪ್ರಾಣಿ ಎಂದು ಹೇಳುತ್ತೇವೆ. ಕಾಡಿನಲ್ಲಾದರೆ ಒಂದು ಹಕ್ಕಿ ಸಿಕ್ಕೊಡನೆ ಉಳಿದವು ಹಾರಿಹೋಗುತ್ತವೆ. ಮುಚ್ಚಿದ ಗೂಡಿನಲ್ಲಿ ಓಡಲು ದಾರಿಯಿಲ್ಲದೆ ಅವು ಪಟಪಟನೆ ಬಡಿದಾಡುತ್ತವೆ. ಆ ಬಡಿದಾಟವೇ ಬೇಟೆ ಪ್ರಾಣಿಯನ್ನು ಮತ್ತೆ ಮತ್ತೆ ಕೆಣಕುತ್ತದೆ. ಅದರಲ್ಲಿ ದ್ವೇಷವಿಲ್ಲ, ಲೆಕ್ಕಾಚಾರವಿಲ್ಲ. ದೇವರು ಅದಕ್ಕೆ ಕೊಟ್ಟ ಸ್ವಭಾವ ಮಾತ್ರ ಇದೆ. ದ್ವೇಷ, ಲೆಕ್ಕಾಚಾರ ಮನುಷ್ಯರಲ್ಲಿ ಇರುವಂಥವು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗೂಡು ಕಟ್ಟುವ ಬುದ್ಧಿ

ಕತ್ತಲಾದ ಮೇಲೆ ಕೋಳಿಗೆ ಕಣ್ಣು ಚೆನ್ನಾಗಿ ಕಾಣಿಸುವುದಿಲ್ಲ. ಕೂತಲ್ಲೇ ಕೂತಿರುತ್ತದೆ. ಹಗಲಲ್ಲಿ ತನ್ನ ಬುದ್ಧಿಯಿಂದ ಅರ್ಧ ಕಾಪಾಡಿಕೊಳ್ಳುವ ಕೋಳಿ ರಾತ್ರಿ ಪೂರ್ತಿ ನಮ್ಮ ಮೇಲೆ ಭಾರ ಹಾಕಿರುತ್ತದೆ. ಆದ್ದರಿಂದ ಮೊದಲ ನಿಯಮ ಒಂದೇ: ಸೂರ್ಯ ಮುಳುಗುವ ಮೊದಲು ಎಲ್ಲ ಕೋಳಿ ಗೂಡಿನೊಳಗೆ, ಎಣಿಸಿ ಬಾಗಿಲು ಭದ್ರ.

ಕೋಳಿಯನ್ನು ಅಟ್ಟಿಸಿಕೊಂಡು ಓಡಬೇಕಾಗಿಲ್ಲ. ದಿನವೂ ಅದೇ ಹೊತ್ತಿಗೆ ಬಾ ಬಾ ಬಾ ಎಂದು ಕರೆದು ಗೂಡಿನ ಬಾಯಲ್ಲಿ ಒಂದು ಹಿಡಿ ರಾಗಿಯನ್ನೋ ಅಕ್ಕಿ ನುಚ್ಚನ್ನೋ ಎರಚಿ. ಕೆಲವೇ ದಿನಗಳಲ್ಲಿ ಅವು ತಾವಾಗಿಯೇ ಬರುತ್ತವೆ. ಆದರೆ ತಿಂದು ಉಳಿದ ಕಾಳನ್ನು ರಾತ್ರಿ ಅಲ್ಲೇ ಬಿಡಬೇಡಿ. ಕಾಳಿಗೆ ಇಲಿ ಹೆಗ್ಗಣ ಬರುತ್ತವೆ, ಇಲಿಯ ಹಿಂದೆ ಹಾವು ಬರುತ್ತದೆ.

ನಮ್ಮ ಹಿರಿಯರಿಗೆ ಇದೆಲ್ಲ ತಿಳಿದಿತ್ತು. ಎಷ್ಟೋ ಹಳೆಯ ಮನೆಗಳಲ್ಲಿ ಜಗಲಿಯ ಕೆಳಗೇ ಕಲ್ಲಿನ ಗೂಡು ಮಾಡಿ, ಬಾಯಿಗೆ ಚಪ್ಪಡಿ ಮುಚ್ಚುತ್ತಿದ್ದರು. ಮರಿಗಳಿಗೆ ಮಂಕರಿ ಕವುಚಿ ಮೇಲೊಂದು ಕಲ್ಲು ಹೇರುತ್ತಿದ್ದರು. ಹೊಸ ಮನೆ ಕಟ್ಟಿದಾಗ ಕಾರು ನಿಲ್ಲಿಸಲು ಜಾಗ ಬಿಟ್ಟೆವು, ಕೋಳಿಗೆ ಬಿಡಲಿಲ್ಲ. ಹಳೆಯ ಪೆಟ್ಟಿಗೆಯೋ ಮುರಿದ ಬುಟ್ಟಿಯೋ ಸಾಕೆಂದುಕೊಂಡೆವು.

ಈಗ ಕಟ್ಟುವವರು ಕೆಲವು ಮಾತು ನೆನಪಿಡಿ. ಗೂಡು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿರಲಿ. ನಮ್ಮ ಸೀಮೆಯಲ್ಲಿ ಕಲ್ಲುಕಂಬಕ್ಕೆ ಬರವಿಲ್ಲ, ನಾಲ್ಕು ಕಂಬದ ಮೇಲೆ ಕೂರಿಸಿ. ಒಂದು ನಾಟಿ ಕೋಳಿಗೆ ಮಲಗಲು ಸುಮಾರು ಒಂದು ಚದರಡಿ ಜಾಗ ಬೇಕು. ಗಾಳಿಗೆ ಮೇಲ್ಭಾಗದಲ್ಲಿ ಜಾಲರಿ ಬಿಡಿ. ಅಂಗಡಿಯಲ್ಲಿ ಕೋಳಿ ಮೆಶ್ ಎಂದು ಕೊಡುವ ತೆಳು ತಂತಿಯ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ನಾಯಿ ಅದನ್ನು ಹರಿದು ಹಾಕಬಲ್ಲದು, ಹಾವಿಗೆ ಅದರ ಕಂಡಿಯೇ ಬಾಗಿಲು. ಅರ್ಧ ಅಂಗುಲ ಕಂಡಿಯ ವೆಲ್ಡ್ ಮೆಶ್ ಹಾಕಿ. ಖರ್ಚು ಸ್ವಲ್ಪ ಹೆಚ್ಚು, ಬಾಳಿಕೆಯೂ ಹೆಚ್ಚು. ಗೂಡು ನೆಲದ ಮೇಲೇ ಇದ್ದರೆ ಜಾಲರಿಯನ್ನು ಒಂದಡಿ ಮಣ್ಣಿನೊಳಗೆ ಇಳಿಸಿ, ಇಲ್ಲವೇ ಹೊರಕ್ಕೆ ಮಡಿಸಿ ಕಲ್ಲು ಹಾಸಿ. ನಾಯಿ, ನರಿ ಗೋಡೆಯ ಬುಡದಲ್ಲೇ ಕೆರೆಯುತ್ತವೆ; ಕಾಲಿಗೆ ಜಾಲರಿ ಸಿಕ್ಕರೆ ಬಿಟ್ಟು ಹೋಗುತ್ತವೆ. ಬಾಗಿಲಿಗೆ ದಾರ ಕಟ್ಟಬೇಡಿ, ಚಿಲಕ ಹಾಕಿ.

ಹಗಲಿನ ಕಾವಲಿಗೆ ಹಿತ್ತಲಲ್ಲಿ ನಾಲ್ಕು ಪೊದೆ ಇರಲಿ. ದಾಸವಾಳ, ಕರಿಬೇವು, ಹರಡಿದ ಒಂದು ಚಪ್ಪರ, ಯಾವುದಾದರೂ ಸರಿ. ಹದ್ದು ಎರಗಿದಾಗ ಅಡಗಲು ಜಾಗ ಬೇಕು. ಸಿಮೆಂಟು ಹಾಕಿ ಬೋಳು ಮಾಡಿದ ಅಂಗಳದಲ್ಲಿ ಕೋಳಿಗೆ ಮರೆಯಿಲ್ಲ. ಒಳ್ಳೆಯ ಹುಂಜವೊಂದು ಇದ್ದರೆ ಅದೇ ಕಾವಲುಗಾರ. ಮರಿಗಳನ್ನು ಮೊದಲ ಆರೆಂಟು ವಾರ ಮಂಕರಿಯಲ್ಲೋ ಜಾಲರಿ ಹೊದಿಸಿದ ಆವರಣದಲ್ಲೋ ತಾಯಿಯೊಂದಿಗೆ ಇಡಿ; ಹೆಚ್ಚು ಮರಿ ಸಾಯುವುದು ಆ ದಿನಗಳಲ್ಲೇ.

ಗಿರಿರಾಜ ಕೋಳಿ ಸಾಕುವವರಿಗೆ ಒಂದು ಮಾತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಒಳ್ಳೆಯ ತಳಿ ಅದು. ಬೇಗ ಬೆಳೆಯುತ್ತದೆ, ಹಿತ್ತಲಿಗೆ ಹೊಂದುತ್ತದೆ, ಮೈಬಣ್ಣ ಮಣ್ಣು ಗಿಡಗಳ ನಡುವೆ ಬೆರೆಯುತ್ತದೆ. ಆದರೆ ಅದು ನಾಟಿ ಹೇಂಟೆಯಂತೆ ಕಾವು ಕೂರುವುದಿಲ್ಲ. ಮರಿಗಳು ತಾಯಿಯಿಲ್ಲದೆ ಪೆಟ್ಟಿಗೆಯಲ್ಲಿ ಬರುತ್ತವೆ. ಅವಕ್ಕೆ ಬಲ್ಬಿನ ಕಾವು ಕೊಟ್ಟರೆ ಸಾಲದು. ಅಪಾಯದ ಕೂಗು ಕಲಿಸುವ ತಾಯಿಯೂ ಇಲ್ಲವಲ್ಲ. ತಾಯಿ ಮಾಡುವ ಕಾವಲನ್ನು ನೀವೇ ಮಾಡಬೇಕು.

ಇನ್ನೊಂದು ಎಚ್ಚರಿಕೆ, ಇದು ಕೋಳಿಗಲ್ಲ, ನಿಮಗೆ. ಕತ್ತಲಲ್ಲಿ ಮೊಟ್ಟೆಗಾಗಿ ಗೂಡಿನೊಳಗೆ ಬರಿಗೈ ಹಾಕಬೇಡಿ. ಮೊಟ್ಟೆಗೆ ಬಂದ ನಾಗರಹಾವು ಅಲ್ಲೇ ಸುತ್ತಿಕೊಂಡಿರಬಹುದು. ಟಾರ್ಚ್ ಹಿಡಿದು ನೋಡಿ, ಕೋಲಿನಿಂದ ತಟ್ಟಿ. ಅಪ್ಪಿತಪ್ಪಿ ಕಚ್ಚಿದರೆ ಗಾಯ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ಮಂತ್ರ ಹಾಕಿಸಲು ಹೋಗಬೇಡಿ. ನೇರ ಆಸ್ಪತ್ರೆಗೆ ಹೋಗಿ. ಹಾವು ಕಡಿತ ಎಷ್ಟು ದೊಡ್ಡ ಸಂಕಟವೆಂದರೆ, ಕರ್ನಾಟಕ ಸರ್ಕಾರ 2024ರಲ್ಲಿ ಅದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ವಿಷ ಇಟ್ಟ ರಾತ್ರಿ

ಈಗ ನಾನು ಆಗ ಬಿಟ್ಟ ಮಾತಿಗೆ ಬರುತ್ತೇನೆ. ಕೋಳಿ ಸತ್ತ ಬೆಳಿಗ್ಗೆ ಮನೆಯಲ್ಲಿ ಸಿಟ್ಟು ಬರುತ್ತದೆ. ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ನಾವು ಏನು ಮಾಡುತ್ತೇವೆ?

ಸತ್ತ ಕೋಳಿಯ ಹೊಟ್ಟೆಗೆ ಹೊಲದ ಕೀಟನಾಶಕದ ಹರಳು ತುಂಬಿ ಬೇಲಿಯ ಬಳಿ ಇಡುವವರಿದ್ದಾರೆ. ಬೈಕಿನ ಕ್ಲಚ್ ವೈರಿನಿಂದ ಉರುಳು ಮಾಡಿ ಒಡ್ಡುವವರಿದ್ದಾರೆ. ಮನೆಯ ಕರೆಂಟನ್ನೇ ತಂತಿಗೆ ಹರಿಸುವವರಿದ್ದಾರೆ. ನಿನ್ನೆ ಬಂದದ್ದು ಮುಂಗುಸಿ. ಇವತ್ತು ವಿಷ ತಿನ್ನುವುದು ಪಕ್ಕದ ಮನೆಯ ನಾಯಿ. ಅದನ್ನು ಕುಕ್ಕಿದ ಕಾಗೆ, ಹದ್ದು ಸಾಯುತ್ತವೆ. ಉರುಳಿಗೆ ಚಿರತೆ ಸಿಕ್ಕು ಸೊಂಟ ಸೀಳಿಸಿಕೊಂಡು ಒದ್ದಾಡುತ್ತದೆ. ತಂತಿಯನ್ನು ಮುಟ್ಟುವುದು ಚೆಂಡು ಹುಡುಕಲು ಬಂದ ಮಗು, ಬೆಳಗಿನ ಜಾವ ನೀರು ಬಿಡಲು ಹೊರಟ ಮನೆಯ ಯಜಮಾನ. ಇವೆಲ್ಲ ಕಾನೂನಿನ ಪ್ರಕಾರವೂ ಅಪರಾಧಗಳೇ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿರತೆಯನ್ನೂ ಉಡವನ್ನೂ ಮುಂಗುಸಿಯನ್ನೂ ರಕ್ಷಿಸುತ್ತದೆ. ಆದರೆ ನಾನು ಪೊಲೀಸರ ಹೆದರಿಕೆ ಹಾಕಲು ಇಲ್ಲಿ ನಿಂತಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ಒಂದಿದೆ. ನಾಯಿ ಸತ್ತ ಮನೆಯವರಿಗೆ ವಿಷ ಇಟ್ಟವರು ಯಾರೆಂದು ತಿಳಿಯದೆ ಇರುವುದಿಲ್ಲ. ಅಂದಿನಿಂದ ಎರಡು ಮನೆಗೆ ಮಾತಿಲ್ಲ. ಒಂದು ಬಾವಿಯ ನೀರಿಲ್ಲ, ಮದುವೆಗೆ ಕರೆಯಿಲ್ಲ. ಮಕ್ಕಳಿಗೆ ಆ ಮನೆಯವರ ಜೊತೆ ಆಡಬೇಡ ಎಂಬ ಕಟ್ಟಪ್ಪಣೆ. ಭಾನುವಾರ ಮಾತ್ರ ಎರಡೂ ಮನೆಯವರು ಒಂದೇ ದೇವಾಲಯಕ್ಕೆ ಬರುತ್ತಾರೆ. ಪರಸ್ಪರ ಶಾಂತಿ ಹೇಳಿಕೊಳ್ಳಿ ಎಂದಾಗ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ತಿರುಗುತ್ತಾರೆ. ಒಂದೇ ಸಾಲಿನಲ್ಲಿ ನಿಂತು ಪ್ರಸಾದ ಸ್ವೀಕರಿಸುತ್ತಾರೆ. ಪ್ರಿಯರೇ, ನಿಮ್ಮ ಗೂಡಿಗೆ ಬಂದ ನರಿ ಒಂದು ಕೋಳಿಯನ್ನು ಒಯ್ದಿತು. ನೀವು ಇಟ್ಟ ವಿಷ ಒಬ್ಬ ಸಹೋದರನನ್ನು ಒಯ್ದಿತು. ಇವೆರಡರಲ್ಲಿ ಯಾವ ನಷ್ಟ ದೊಡ್ಡದು? ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಂದಿಗೆ ಸಂಧಾನ ಮಾಡಿಕೊಳ್ಳಬೇಕೆಂದು ಪ್ರಭು ಬೆಟ್ಟದ ಮೇಲೆ ಬೋಧಿಸಿದ್ದು ಇಂಥ ಜಗಳಗಳಿಗೂ ಸಲ್ಲುತ್ತದೆ.

ಸಂತ ಫ್ರಾನ್ಸಿಸರ ಬಗ್ಗೆ ಹೇಳುವ ಪ್ರಸಿದ್ಧ ಕಥೆಯೊಂದು ಇಟಲಿಯ ಗುಬ್ಬಿಯೋ ಎಂಬ ಪಟ್ಟಣದಲ್ಲಿ ನಡೆಯುತ್ತದೆ. ನಮ್ಮ ಗುಬ್ಬಿಗೂ ಆ ಗುಬ್ಬಿಯೋಗೂ ಸಂಬಂಧವೇನೂ ಇಲ್ಲ, ಆದರೆ ಹೆಸರು ಕೇಳಿದರೆ ನಮಗೆ ಪಕ್ಕದ ಊರಿನ ಸುದ್ದಿಯಂತೆ ಕೇಳಿಸುತ್ತದೆ. ಒಂದು ತೋಳ ಆ ಊರಿನ ದನಕುರಿಗಳನ್ನೂ ಮನುಷ್ಯರನ್ನೂ ತಿನ್ನುತ್ತಿತ್ತು. ಜನ ಕತ್ತಿ ಕೋಲಿಲ್ಲದೆ ಊರ ಬಾಗಿಲು ದಾಟುತ್ತಿರಲಿಲ್ಲ. ಫ್ರಾನ್ಸಿಸರು ಬರಿಗೈಯಲ್ಲಿ ಹೋಗಿ ತೋಳವನ್ನು ಸಹೋದರ ಎಂದು ಕರೆದರು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ತೋಳದ ತಪ್ಪನ್ನು ತೋಳಕ್ಕೆ ಹೇಳಿದರು, ಅದು ಹಸಿವಿನಿಂದ ಹೀಗೆ ಮಾಡಿತು ಎಂಬುದನ್ನು ಊರಿಗೆ ಹೇಳಿದರು. ಊರವರು ದಿನವೂ ಅದಕ್ಕೆ ಆಹಾರ ಕೊಡಬೇಕು, ಅದು ಯಾರನ್ನೂ ಮುಟ್ಟಬಾರದು ಎಂದು ಒಪ್ಪಂದ ಮಾಡಿಸಿದರು.

ಇದನ್ನು ಕೇಳಿ ನೀವು ನಾಳೆ ಚಿರತೆಗೆ ಊಟ ಹಾಕಲು ಹೋಗಬೇಡಿ. ಕಥೆಯ ತಿರುಳು ಬೇರೆ. ತೋಳ ಊರಿಗೆ ಬರುವುದರಲ್ಲಿ ಊರಿನ ಪಾಲೂ ಇರುತ್ತದೆ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಗಡಿ ಹಳ್ಳಿಗಳಲ್ಲಿ ಚಿರತೆಯ ದಾಳಿಗೆ ಜನರು ಪ್ರಾಣ ಕಳೆದುಕೊಂಡದ್ದನ್ನು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದುದನ್ನು ನಾವು ಮರೆತಿಲ್ಲ. ಆ ತಾಯಂದಿರ ದುಃಖದ ಮುಂದೆ ಬುದ್ಧಿಮಾತು ಹೇಳಲು ಯಾರಿಗೂ ಬಾಯಿಲ್ಲ. ಆದರೆ ಮುಂದೆ ಹಾಗಾಗದಂತೆ ನಾವು ಮಾಡಬಹುದಾದದ್ದು ಇದೆ. ಕೋಳಿ ಅಂಗಡಿಯ ಕರುಳು, ಪುಕ್ಕ, ಸತ್ತ ಕೋಳಿಯನ್ನು ಮೂಟೆ ಕಟ್ಟಿ ಊರ ಅಂಚಿನ ಹಳ್ಳಕ್ಕೆ, ಕೆರೆ ದಂಡೆಗೆ ಎಸೆಯುತ್ತೇವೆ. ಅದಕ್ಕೆ ನಾಯಿಗಳು ಸೇರುತ್ತವೆ. ನಾಯಿಯ ಬೆನ್ನಿಗೆ ಚಿರತೆ ಬರುತ್ತದೆ. ಮಾಂಸದ ರುಚಿ ಕಂಡ ನಾಯಿಗಳ ಹಿಂಡು ನಿಮ್ಮ ಗೂಡಿಗೂ ಬರುತ್ತದೆ. ನಾವೇ ಎಲೆ ಹಾಕಿ ಬಡಿಸಿ, ಉಣ್ಣಲು ಬಂದವರನ್ನು ಕಳ್ಳರು ಎನ್ನುತ್ತೇವೆ. ಸತ್ತದ್ದನ್ನು ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಚಿರತೆಯ ಸುಳಿವು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ, ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಹಿತ್ತಲಿಗೆ ಕಳುಹಿಸಬೇಡಿ.

ನೋಡಿ, ಹೇಂಟೆ ಎಂದಾದರೂ ನರಿಯ ಬಿಲದವರೆಗೆ ಹೋಗಿ ಸೇಡು ತೀರಿಸಿಕೊಂಡದ್ದುಂಟೇ? ಅದು ಕೂಡಿಸಿಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತದೆ, ಎದುರಿಗೆ ಬಂದರೆ ಹಾರಿ ಕುಕ್ಕುತ್ತದೆ. ಮರಿ ಬದುಕಿದರೆ ಅದಕ್ಕೆ ಸಾಕು. ಕಾಪಾಡುವುದು ಬೇರೆ, ಸೇಡು ತೀರಿಸಿಕೊಳ್ಳುವುದು ಬೇರೆ. ವಿಷ ಇಡಲು ಒಂದು ರಾತ್ರಿಯ ಸಿಟ್ಟು ಸಾಕು. ಬಾಗಿಲು ಹಾಕಲು ಪ್ರತಿ ಸಂಜೆಯ ಪ್ರೀತಿ ಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮದೇ ಅಲ್ಲವೇ?

ಫ್ರಾನ್ಸಿಸರು ಕಂಡ ಕನಸು

ಹಕ್ಕಿಗಳಿಗೆ ಬೋಧಿಸಿದ ಕಥೆ ಎಲ್ಲರಿಗೂ ಗೊತ್ತು, ಕೋಳಿಯ ಕಥೆ ಹೆಚ್ಚು ಜನರಿಗೆ ಗೊತ್ತಿಲ್ಲ. ಫ್ರಾನ್ಸಿಸರ ಹಳೆಯ ಚರಿತ್ರೆಕಾರರು ಅದನ್ನು ಬರೆದಿಟ್ಟಿದ್ದಾರೆ. ಒಮ್ಮೆ ಅವರಿಗೆ ಕನಸಿನಲ್ಲಿ ಪುಟ್ಟ ಕಪ್ಪು ಹೇಂಟೆಯೊಂದು ಕಾಣಿಸಿತು. ಅದರ ಸುತ್ತ ಲೆಕ್ಕವಿಲ್ಲದಷ್ಟು ಮರಿಗಳು. ಎಷ್ಟು ರೆಕ್ಕೆ ಅಗಲಿಸಿದರೂ ಎಲ್ಲ ಮರಿಗಳಿಗೆ ಜಾಗ ಸಾಲದು. ಕೆಲವು ಹೊರಗೇ ಉಳಿಯುತ್ತವೆ. ಎಚ್ಚರವಾದ ಮೇಲೆ ಫ್ರಾನ್ಸಿಸರು ಅದರ ಅರ್ಥ ಕಂಡುಕೊಂಡರು. ಗಿಡ್ಡಗೆ, ಕಪ್ಪಗೆ ಇರುವ ಆ ಕೋಳಿ ನಾನೇ, ಮರಿಗಳು ದೇವರು ಕೊಟ್ಟ ನನ್ನ ಸಹೋದರರು, ಇಷ್ಟು ಮಂದಿಯನ್ನು ಕಾಯಲು ನನ್ನೊಬ್ಬನ ಶಕ್ತಿ ಸಾಲದು ಎಂದುಕೊಂಡರು. ಆಮೇಲೆ ಅವರು ತಮ್ಮ ಸಭೆಯನ್ನು ಧರ್ಮಸಭೆಯ ಆಶ್ರಯಕ್ಕೆ ಒಪ್ಪಿಸಿದರು. ಕಾರ್ಡಿನಲ್ ಉಗೊಲಿನೊ ಅವರನ್ನು ಪಾಲಕರನ್ನಾಗಿ ಪಡೆದರು. ಅದೇ ಉಗೊಲಿನೊ ಮುಂದೆ ಒಂಬತ್ತನೇ ಗ್ರೆಗೊರಿ ಎಂಬ ಹೆಸರಿನಲ್ಲಿ ಪೋಪ್ ಆಗಿ, ಫ್ರಾನ್ಸಿಸರನ್ನು ಸಂತರೆಂದು ಸಾರಿದರು.

ಎಂಥ ವಿನಯ! ನನ್ನ ರೆಕ್ಕೆ ಸಾಲದು ಎನ್ನಲು ದೊಡ್ಡ ಮನಸ್ಸು ಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬಳೇ ತಾಯಿ ಎಲ್ಲವನ್ನೂ ಕಾಯುತ್ತಿದ್ದಾಳೆ. ಗಂಡ ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ, ಇಲ್ಲವೇ ತೀರಿಕೊಂಡಿದ್ದಾನೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಗೂಡಿನ ಬಾಗಿಲು ತೆರೆದೇ ಇರುತ್ತದೆ. ಪಕ್ಕದ ಮನೆಯವರೇ, ಅವಳ ಕೋಳಿಯನ್ನೂ ಸಂಜೆ ನಿಮ್ಮ ಕೋಳಿಯ ಜೊತೆ ಎಣಿಸಿ ಒಳಗೆ ಬಿಡಿ. ಯುವಕರೇ, ಒಂದು ಭಾನುವಾರ ಬಲಿಪೂಜೆಯ ನಂತರ ನಾಲ್ಕು ಜನ ಸೇರಿ ಒಬ್ಬ ವಿಧವೆಯ ಮನೆಗೆ ಹೋಗಿ, ಅರ್ಧ ದಿನದಲ್ಲಿ ಒಂದು ಗೂಡು ಕಟ್ಟಿಕೊಡಿ. ನಾಲ್ಕು ಕಂಬ, ಒಂದಷ್ಟು ಜಾಲರಿ, ಒಂದು ತಗಡು, ಒಂದು ಚಿಲಕ. ಹಬ್ಬಕ್ಕೆ ಪಟಾಕಿ ಸುಡುವ ಹಣದಲ್ಲಿ ಇದು ಆಗಿಹೋಗುತ್ತದೆ. ಪೋಪ್ ಫ್ರಾನ್ಸಿಸರು 2015ರಲ್ಲಿ ಬರೆದ ಲೌದಾತೊ ಸಿ ಎಂಬ ವಿಶ್ವಪತ್ರದಲ್ಲಿ ಭೂಮಿಯ ಗೋಳು, ಬಡವರ ಗೋಳು ಎರಡೂ ಒಂದೇ ಎಂಬ ಅರ್ಥದಲ್ಲಿ ಬೋಧಿಸಿದ್ದಾರೆ. ಆ ದೊಡ್ಡ ಬೋಧನೆಯನ್ನು ನಮ್ಮ ಹಿತ್ತಲಲ್ಲಿ ಇಳಿಸಬೇಕಾದರೆ ಅದು ಈ ಚಿಲಕದಷ್ಟು ಚಿಕ್ಕದಾಗಿ ಶುರುವಾಗುತ್ತದೆ.

ಮನೆಯೊಳಗಿನ ಮರಿಗಳು

ಇಷ್ಟು ಹೊತ್ತು ಕೋಳಿಯ ಮಾತಾಡಿದೆವು. ನಿಮಗೆ ಆಗಲೇ ಅರ್ಥವಾಗಿದೆ, ಮನೆಯೊಳಗೂ ಮರಿಗಳಿವೆ.

ಕೆಲವು ತಂದೆತಾಯಂದಿರು ಹೆದರಿ ಮಕ್ಕಳನ್ನು ಹಗಲಿರುಳು ಗೂಡಿನಲ್ಲೇ ಇಡುತ್ತಾರೆ. ಆಟ ಬೇಡ, ಗೆಳೆಯರು ಬೇಡ, ಹೊರಗೆ ಕಾಲಿಡಬೇಡ. ನಾಟಿ ಕೋಳಿಯನ್ನು ದಿನವಿಡೀ ಮುಚ್ಚಿಟ್ಟರೆ ಅದು ಒಂದನ್ನೊಂದು ಕುಕ್ಕಲು ಶುರು ಮಾಡುತ್ತದೆ. ಕೆದಕಿ, ಓಡಿ, ಬಿಸಿಲು ಕಂಡು ಬೆಳೆದರೆ ಮಾತ್ರ ಅದಕ್ಕೆ ಚುರುಕು, ಅಪಾಯ ಕಂಡಾಗ ಅಡಗುವ ಬುದ್ಧಿ. ಇನ್ನು ಕೆಲವರು ಬೆಳಿಗ್ಗೆ ಬಿಟ್ಟ ಕೋಳಿ ಸಂಜೆ ಬಂತೋ ಇಲ್ಲವೋ ಎಂದೂ ನೋಡುವುದಿಲ್ಲ. ಮಗ ಎಲ್ಲಿದ್ದಾನೆ ಎಂದರೆ ಎಲ್ಲೋ ಇರಬೇಕು. ಮಗಳ ಮೊಬೈಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಯಾರು ಮಾತಾಡಿಸುತ್ತಾರೆ ಎಂದರೆ ಗೊತ್ತಿಲ್ಲ. ಇಂದಿನ ನರಿಗೆ ಬೇಲಿ ಹಾರುವ ಕಷ್ಟವೂ ಇಲ್ಲ. ಸಾಲದ ಆ್ಯಪು, ಹಣ ಕಟ್ಟಿಸುವ ಆಟ, ಪ್ರೀತಿಯ ಮಾತಾಡುವ ಅಪರಿಚಿತ, ಎಲ್ಲ ಹಾಸಿಗೆಯವರೆಗೂ ಬರುತ್ತವೆ.

ಹೇಂಟೆಯ ದಾರಿ ಎರಡೂ ಅಲ್ಲ. ಹಗಲು ಬಿಡುತ್ತದೆ, ಜೊತೆಯಲ್ಲೇ ಇರುತ್ತದೆ, ಅಪಾಯದ ಕೂಗು ಕಲಿಸುತ್ತದೆ, ಸಂಜೆಗೆ ಕರೆಯುತ್ತದೆ. ನಮ್ಮ ಮನೆಗಳಲ್ಲಿ ಸಂಜೆಯ ಜಪಸರವೇ ಆ ಕರೆಯಾಗಿತ್ತು. ಜಪಸರಕ್ಕೆ ಎಲ್ಲರೂ ಕೂತಾಗ ಅಮ್ಮ ಕಣ್ಣಲ್ಲೇ ಎಣಿಸುತ್ತಿದ್ದಳು. ಒಬ್ಬ ಕಮ್ಮಿಯಿದ್ದರೆ ಹುಡುಕುತ್ತಿದ್ದಳು. ಆ ಎಣಿಕೆ ನಿಂತುಹೋದ ಮನೆಯಲ್ಲಿ ಮತ್ತೆ ಶುರು ಮಾಡಿ. ಎಣಿಸುವುದು ಅನುಮಾನವಲ್ಲ. ಎಣಿಸುವವರು ಇದ್ದಾರೆ ಎಂದು ಗೊತ್ತಿರುವ ಮಗು ಮನೆಗೆ ಬರುತ್ತದೆ.

ಮಕ್ಕಳೇ, ಯುವಕ ಯುವತಿಯರೇ, ನಿಮಗೂ ಒಂದು ಮಾತು. ಬರೀ ರೆಕ್ಕೆ ಇದ್ದರೆ ಸಾಲದು, ಮರಿಯೂ ಬರಬೇಕು. ಜೆರುಸಲೇಮಿನ ಮಕ್ಕಳಿಗೆ ಬೇಡವಾಯಿತು. ಅದಕ್ಕಾಗಿ ಪ್ರಭು ಮರುಗಿದರು. ತಪ್ಪು ಮಾಡಿ ಹೆದರಿ ಹೊರಗೆ ಅಡಗಿಕೊಂಡಿದ್ದರೂ ಸರಿ, ಕತ್ತಲಾಗುವ ಮೊದಲು ಮನೆಗೆ ಬನ್ನಿ. ಬೈಗುಳ ಬೀಳಬಹುದು. ನರಿ ಬೈಯುವುದಿಲ್ಲ, ನಯವಾಗಿಯೇ ಮಾತಾಡುತ್ತದೆ.

ಪ್ರಿಯರೇ, ಇಂದು ಹಬ್ಬದ ಊಟ ಮುಗಿಸಿ ಮನೆಗೆ ಹೋಗುವಷ್ಟರಲ್ಲಿ ಹೊತ್ತು ಇಳಿಯುತ್ತಿರುತ್ತದೆ. ಮೊದಲು ಹಿತ್ತಲಿಗೆ ಹೋಗಿ. ಕೋಳಿಗಳನ್ನು ಕರೆದು ಎಣಿಸಿ, ಚಿಲಕ ಹಾಕಿ. ಬೇಲಿಯ ಹತ್ತಿರ ವಿಷವನ್ನೋ ಉರುಳನ್ನೋ ಇಟ್ಟಿದ್ದರೆ ತೆಗೆದು ಹಾಕಿ. ಮಾತು ಬಿಟ್ಟ ಪಕ್ಕದ ಮನೆಯಿದ್ದರೆ ನಾಲ್ಕು ಮೊಟ್ಟೆ ಹಿಡಿದುಕೊಂಡು ಆ ಬಾಗಿಲು ತಟ್ಟಿ. ಏನು ಹೇಳಬೇಕೆಂದು ತೋಚದಿದ್ದರೆ, ಹಬ್ಬಕ್ಕೆ ತಂದೆ ಎಂದಷ್ಟೇ ಹೇಳಿ. ಮೊಟ್ಟೆಯೇ ಉಳಿದ ಮಾತು ಹೇಳುತ್ತದೆ.

ಹೇಂಟೆಯಂತೆ ನಮ್ಮನ್ನು ಕೂಡಿಸಿಕೊಳ್ಳುವ ಪ್ರಭು ನಿಮ್ಮ ಮನೆ, ಮಕ್ಕಳು, ದನಕರು, ಕೋಳಿಮರಿಗಳನ್ನೆಲ್ಲ ತಮ್ಮ ರೆಕ್ಕೆಯ ನೆರಳಿನಲ್ಲಿ ಕಾಪಾಡಲಿ. ಮಾತೆ ಮರಿಯಮ್ಮನವರೂ ಸಂತ ಫ್ರಾನ್ಸಿಸರೂ ನಮಗಾಗಿ ಬೇಡಿಕೊಳ್ಳಲಿ. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ಆಮೆನ್.